ಮನೆ ನೋಡಲು ಹೋಗುವವರಿಗೆ ಎಂಥ ಕ್ಯಾಮೆರಾ ಬೇಕು

ನಿವೃತ್ತಳಾದ ಮೇಲೂ ಇಲಾಖೆಯ ಹೊಸ ಹುಡುಗ ಹುಡುಗಿಯರು ನನ್ನನ್ನು ಬಿಟ್ಟಿಲ್ಲ. ಇವತ್ತು ಚಿಂಚೋಳಿಯಿಂದ ಒಬ್ಬಳು, ನಾಳೆ ವಾಡಿಯಿಂದ ಒಬ್ಬ ಫೋನ್ ಮಾಡಿ, “ಮೇಡಂ, ಮನಿ ನೋಡಾಕ ಹೋಗೋರಿಗೆ ಯಾವ ಕ್ಯಾಮೆರಾ ಛಲೋ, ಹೇಳ್ರಿ” ಎನ್ನುತ್ತಾರೆ. ಕೈಯಲ್ಲೇ ಮೊಬೈಲ್ ಇರುವಾಗ ಈ ಪ್ರಶ್ನೆ ಯಾಕೆ ಎಂದು ನೀವು ಕೇಳಬಹುದು. ಮೊಬೈಲಿನಲ್ಲಿ ತೆಗೆದ ಚಿತ್ರಕ್ಕೆ ಊರು, ದಿನ, ವೇಳೆ ಎಲ್ಲ ತಾನಾಗಿಯೇ ಅಂಟಿಕೊಳ್ಳುತ್ತದೆ, ಗೋಡೆಯ ಬಿರುಕು ಮಾತ್ರ ಸರಿಯಾಗಿ ಕಾಣುವುದಿಲ್ಲ ಎಂಬುದು ಅವರ ದೂರು. ಪುಣ್ಯಕ್ಕೆ ಈ ವಿಷಯದಲ್ಲಿ ನನಗೆ ಹೇಳಲು ಬೇಕಾದಷ್ಟಿದೆ. ಬಡ್ತಿ ಪಡೆಯುವುದು ಹೇಗೆ ಎಂದು ಕೇಳಿದ್ದರೆ ನಾನು ಬಾಯಿ ಮುಚ್ಚಿಕೊಂಡು ಕೂರಬೇಕಾಗುತ್ತಿತ್ತು.

ನನ್ನ ಕೆಲಸ ಇಷ್ಟೇ. ಮಳೆಗೆ ಸೋರಿದ, ನೆರೆಗೆ ನೆನೆದ, ಬಿರುಕು ಬಿಟ್ಟ ಮನೆಗಳನ್ನು ನೋಡುವುದು, ಅವು ವಾಸಕ್ಕೆ ಯೋಗ್ಯವೋ ಅಲ್ಲವೋ ಎಂದು ಬರೆದುಕೊಡುವುದು, ಬರೆದದ್ದಕ್ಕೆ ಫೋಟೋ ಲಗತ್ತಿಸುವುದು. ಸೇಡಂ, ಚಿತ್ತಾಪುರ, ಶಹಾಬಾದ್ ಎಂದು ಜೀಪಿನಲ್ಲಿ ತಿರುಗಿದ್ದೇ ತಿರುಗಿದ್ದು. ನನ್ನಪ್ಪ ಶಹಾಬಾದಿನ ಗಣಿಯಲ್ಲಿ ಹಾಸುಗಲ್ಲು, ನಮ್ಮ ಕಡೆಯ ಫರ್ಸಿ ಕಲ್ಲು ಸೀಳುತ್ತಿದ್ದ. ಹಾಗಾಗಿ ಕಲ್ಲಿನ ಗೋಡೆ ಎಂದರೆ ನನಗೆ ಮನೆಯವರೇ ಇದ್ದಂತೆ. ಅದು ಸುಮ್ಮನಿದೆಯೋ ಮುನಿಸಿಕೊಂಡಿದೆಯೋ ಎಂದು ನೋಡಿದ ಕೂಡಲೇ ತಿಳಿಯುತ್ತದೆ ಎಂದು ನಾನು ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಆದರೆ ನನಗೆ ತಿಳಿದರೆ ಆಗಲಿಲ್ಲವಲ್ಲ, ಕಚೇರಿಯಲ್ಲಿ ಕುಳಿತವರಿಗೂ ತಿಳಿಯಬೇಕು.

ಈ ಕೆಲಸದಲ್ಲಿ ನಮಗೆ ಎದುರಾಗುವ ಮೊದಲ ತೊಡಕು ನಮ್ಮ ಕಡೆಯ ಜನರ ಮರ್ಯಾದೆ. ನಾಳೆ ಸಾಹೇಬರು ಫೋಟೋ ತೆಗೆಯಲು ಬರುತ್ತಾರೆ ಎಂದು ಊರಲ್ಲಿ ಡಂಗುರ ಹೊಡೆದರೆ ಸಾಕು, ಹೆಂಗಸರು ಸೆರಗು ಕಟ್ಟಿ ನಿಲ್ಲುತ್ತಾರೆ. ಅಂಗಳ ಸಾರಿಸಿ, ಬಿರುಕಿಗೆ ಮಣ್ಣು ಮೆತ್ತಿ, ಮೇಲೆ ಸುಣ್ಣ ಬಳಿದುಬಿಡುತ್ತಾರೆ. ಬಂದವರಿಗೆ ಹರಕು ಮನೆ ತೋರಿಸುವುದುಂಟೇ! ಬಿರುಕು ನೋಡಲೆಂದೇ ಬಂದವರಿಗೆ ಬಿರುಕೇ ಸಿಗದಂತೆ ಮಾಡುವ ಈ ಉಪಚಾರವನ್ನು ಯಾವ ಕಾಲೇಜಿನಲ್ಲೂ ನಮಗೆ ಹೇಳಿಕೊಟ್ಟಿರಲಿಲ್ಲ. ಕುರಕುಂಟಾದಲ್ಲಿ ಒಮ್ಮೆ ಒಂದು ಮನೆಯವರು ಪೆಟ್ಟಿಗೆಯಿಂದ ಮದುವೆ ಬಟ್ಟೆ ತೆಗೆದು ಉಟ್ಟು, ಬಿರುಕಿಗೆ ಅಡ್ಡಲಾಗಿ ಸಾಲಾಗಿ ನಿಂತಿದ್ದರು. ಅದು ರೀಲ್ ಕ್ಯಾಮೆರಾದ ಕಾಲ. ಕಲಬುರಗಿಯಲ್ಲಿ ತೊಳೆಸಿ ತಂದ ಚಿತ್ರದಲ್ಲಿ ಅಜ್ಜನ ರುಮಾಲು, ಮೊಮ್ಮಗಳ ಜರಿ ಲಂಗ ಎಲ್ಲ ಚೆನ್ನಾಗಿ ಬಂದಿದ್ದವು, ಗೋಡೆ ಮಾತ್ರ ಇರಲಿಲ್ಲ. ನನ್ನ ಮೇಲಧಿಕಾರಿ ಬಿರಾದಾರ ಸಾಹೇಬರು ಅದನ್ನು ಎತ್ತಿ ಹಿಡಿದು, “ಸುಜಾತಾ ಬಾಯಿ, ಇದೇನು ಮನಿ ನೋಡಾಕ ಹೋಗಿದ್ರೋ, ಹೆಣ್ಣು ನೋಡಾಕ ಹೋಗಿದ್ರೋ?” ಎಂದರು. ಕಚೇರಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ಬಿರಾದಾರ ಸಾಹೇಬರ ಬಗ್ಗೆ ಒಂದು ಮಾತು. ಮನುಷ್ಯ ಕೆಟ್ಟವರಲ್ಲ. ಬಾಯಿ ಜೋರು, ಮೀಸೆ ಅದಕ್ಕಿಂತ ಜೋರು. ಡಿಜಿಟಲ್ ಕ್ಯಾಮೆರಾ ಬಂದಾಗ ಜಿಲ್ಲೆಗೇ ದೊಡ್ಡದು ನಮ್ಮಲ್ಲಿರಬೇಕೆಂದು ಹಟ ಹಿಡಿದು ಒಂದನ್ನು ತರಿಸಿದರು. ಅದರ ಮೂತಿ ಒಂದು ಮೊಳ ಮುಂದಕ್ಕೆ ಚಾಚುತ್ತಿತ್ತು. ಕಚೇರಿಯ ಕಿಟಕಿಯಿಂದ ದೂರದ ನೀರಿನ ಟ್ಯಾಂಕಿನ ಮೇಲೆ ಕುಳಿತ ಕಾಗೆಯನ್ನು ತೆಗೆದು, ಅದರ ಕಣ್ಣು ತೋರಿಸಿ, “ನೋಡ್ರಿ, ಹೆಂಗದ!” ಎಂದು ಎಲ್ಲರ ಮುಂದೆ ಹಿಡಿದರು. ನಮಗೆ ಬೇಕಾಗಿದ್ದದ್ದು ಕಾಗೆಯ ಕಣ್ಣಲ್ಲ ಎಂದು ಹೇಳುವ ಧೈರ್ಯ ಆ ದಿನ ಯಾರಿಗೂ ಬರಲಿಲ್ಲ, ನನಗೂ ಬರಲಿಲ್ಲ.

ಆ ಕ್ಯಾಮೆರಾ ಹೊತ್ತು ಕುಂಚಾವರಂ ಕಡೆ ಹೋದಾಗ ಅದರ ಬಣ್ಣ ಬಯಲಾಯಿತು. ಕಾಡಿನ ಅಂಚಿನ ಮನೆಗಳು, ಒಂದೊಂದೂ ಒಂದೇ ಖೋಲಿ. ಗೋಡೆ ಪೂರ್ತಿ ಬರಬೇಕೆಂದು ನಾನು ಹಿಂದಕ್ಕೆ ಸರಿದೆ, ಇನ್ನೂ ಸರಿದೆ. ಮನೆಯೊಡತಿ ತೆಲುಗು ಬೆರೆತ ಕನ್ನಡದಲ್ಲಿ, “ಅಮ್ಮಾ, ಇಂಕ ಹಿಂದ ಸರದ್ರ ನಮ್ಮ ಒಲ್ಯಾಗ ಕುಂದರ್ತಿ ನೋಡು” ಎಂದು ನನ್ನ ಸೀರೆ ಹಿಡಿದು ಎಳೆದಳು. ಅಷ್ಟು ಕಸರತ್ತು ಮಾಡಿದರೂ ಸಿಕ್ಕಿದ್ದು ಗೋಡೆಯ ಒಂದು ತುಂಡು. ಸ್ವಲ್ಪ ಹೊತ್ತಿಗೆ ಅದರ ಬ್ಯಾಟರಿಯೂ ಕೈಕೊಟ್ಟಿತು. ಆ ಬ್ಯಾಟರಿಗೆ ಅದರದೇ ಚಾರ್ಜರ್ ಬೇಕು, ಚಾರ್ಜರಿಗೆ ಕರೆಂಟ್ ಬೇಕು, ಊರಲ್ಲಿ ಕರೆಂಟ್ ಇರಲಿಲ್ಲ. ವಾಡಿಯಲ್ಲಿ ಇನ್ನೊಂದು ಫಜೀತಿ. ಅಲ್ಲಿ ಗಿಡದ ಎಲೆಗಳ ಮೇಲೂ ಸಿಮೆಂಟ್ ಕಾರ್ಖಾನೆಯ ಬೂದು ಪುಡಿ ಕೂತಿರುತ್ತದೆ. ಚಾಚಿದ ಮೂತಿಯ ಸಂದಿಯಲ್ಲಿ ಆ ಪುಡಿ ಸೇರಿ, ಮೂತಿ ಒಳಗೂ ಹೋಗದೆ ಹೊರಗೂ ಬರದೆ ಕರಕರ ಅನ್ನತೊಡಗಿತು. ಇನ್ನು ಶಹಾಬಾದಿನಲ್ಲಿ, ನುಣುಪು ಫರ್ಸಿಯ ಗೋಡೆಗೆ ಫ್ಲ್ಯಾಶ್ ಹೊಡೆದರೆ ಬೆಳಕೆಲ್ಲ ತಿರುಗಿ ಬಂದು ಚಿತ್ರದ ನಡುವೆ ಒಂದು ಬಿಳಿ ಮಚ್ಚೆ ಕೂರುತ್ತಿತ್ತು. ಫ್ಲ್ಯಾಶ್ ಆರಿಸಿ, ಬ್ಯಾಟರಿ ದೀಪವನ್ನು ಗೋಡೆಗೆ ಒತ್ತಿ ಓರೆಯಾಗಿ ಹಿಡಿದರೆ ಉಬ್ಬು ತಗ್ಗುಗಳ ನೆರಳು ಏಳುತ್ತದೆ, ಮುಚ್ಚಿದ ಬಿರುಕೂ ಎದ್ದು ಕಾಣುತ್ತದೆ ಎಂಬುದನ್ನು ನಾನು ಕಲಿತದ್ದು ಅಲ್ಲೇ. ಯಾವ ಕ್ಯಾಮೆರಾ ಇದ್ದರೂ ಈ ಉಪಾಯ ನಿಮ್ಮ ಕೈಬಿಡುವುದಿಲ್ಲ.

ಕೊನೆಗೆ ಬೇಸತ್ತು ನನ್ನದೇ ಒಂದು ಕ್ಯಾಮೆರಾ ಕೊಳ್ಳೋಣವೆಂದು ಕಲಬುರಗಿಗೆ ಹೋದೆ. ಅಂಗಡಿಯವರು ಹಿರಿಯರು, ತಾಳ್ಮೆಯವರು. ಒಂದಾದ ಮೇಲೊಂದು ತೆಗೆದು ಗಾಜಿನ ಮೇಲೆ ಇಟ್ಟರು. “ಇದ್ರಾಗ ಮಾರಿ ಇದ್ದಂಗ ಹುಬೇಹುಬ್ ಬರ್ತದ್ರಿ ಮೇಡಂ. ನಿಮ್ಮದೇ ಒಂದು ಫೋಟೋ ಹೊಡೀಲೇನು?” ಎಂದರು.

“ನಂದು ಬ್ಯಾಡ್ರಿ ಭಾಯಿ. ನಿಮ್ಮ ಗೋದಾಮು ಎಲ್ಲದ? ಅಲ್ಲಿ ಕತ್ತಲ ಅದ ಇಲ್ಲೋ?” ಎಂದೆ.

ಅವರು ಒಂದು ಕ್ಷಣ ನನ್ನ ಮುಖ ನೋಡಿ, ಮೆಟ್ಟಿಲ ಕೆಳಗಿನ ಖೋಲಿಯ ಬೀಗ ತೆಗೆದರು. ಖಾಲಿ ಡಬ್ಬಿಗಳ ನಡುವೆ ತೂರಿಕೊಂಡು, ಒಂದೊಂದೇ ಕ್ಯಾಮೆರಾದಲ್ಲಿ ಅಲ್ಲಿಯ ಗೋಡೆ ತೆಗೆದೆ. ಮೂಲೆಯಲ್ಲಿ ನಿಂತರೆ ಗೋಡೆ ಎಷ್ಟು ಬರುತ್ತದೆ, ಗೇಣಿನಷ್ಟು ಹತ್ತಿರ ಹಿಡಿದರೆ ಗಾರೆಯ ಮರಳು ಕಾಣುತ್ತದೋ ಮಸುಕಾಗುತ್ತದೋ ಎಂದು ನೋಡಿದೆ. ಮೂತಿ ಹೊರಗೆ ಚಾಚುವುದನ್ನೆಲ್ಲ ಪಕ್ಕಕ್ಕೆ ಸರಿಸಿದೆ. ಕಿರಾಣಿ ಅಂಗಡಿಯಲ್ಲಿ ಸಿಗುವ ಪೆನ್ಸಿಲ್ ಸೆಲ್ ಹಾಕಲು ಬಾರದ್ದನ್ನೂ ಸರಿಸಿದೆ. ಕಡೆಗೆ ಉಳಿದದ್ದು ಸಾಬೂನಿನ ಡಬ್ಬಿಯಂಥ ಒಂದು ಹಳದಿ ಕ್ಯಾಮೆರಾ. ಧೂಳು ನೀರು ಎರಡಕ್ಕೂ ಜಗ್ಗುವುದಿಲ್ಲವೆಂದು ಅದರ ಮೇಲೆ ಬರೆದಿತ್ತು. ಅಂಗಡಿಯವರು ಅದರ ಹಿಂದಿನ ಪರದೆ ತೋರಿಸಿ, “ಸ್ಕ್ರೀನ್ ಭಾಳ ದೊಡ್ಡದದ್ರಿ, ಮನಿಮಂದಿ ಎಲ್ಲಾ ಕುಂತು ನೋಡಬಹುದು” ಎಂದರು. ನಾನು ತೆಗೆಯುವುದು ಮನೆಮಂದಿ ನೋಡಲಿಕ್ಕಲ್ಲ ಎಂದು ಮನಸ್ಸಿನಲ್ಲೇ ನಕ್ಕು ಅದನ್ನು ಚೀಲಕ್ಕೆ ಹಾಕಿಕೊಂಡೆ. ಕಚೇರಿಯಲ್ಲಿ ಅದಕ್ಕೆ ‘ಬಾಯಿಯವರ ಆಟಿಕೆ’ ಎಂದು ಹೆಸರು ಬಿತ್ತು.

ಆ ವರ್ಷ ಕಾಗಿಣಾ ಹೊಳೆ ಉಕ್ಕಿತು. ಸೇಡಂ ಮತ್ತು ಚಿತ್ತಾಪುರದ ನಡುವೆ ಹೊಳೆದಂಡೆಯ ಒಂದು ಊರಿನಲ್ಲಿ ನೀರು ಮನೆಗಳ ಒಳಗೆ ನಿಂತು, ಆಮೇಲೆ ಇಳಿಯಿತು. ತುರ್ತಾಗಿ ಬಿರಾದಾರ ಸಾಹೇಬರೇ ಒಂದು ಸುತ್ತು ಹೋಗಿ, ಓಣಿಯಲ್ಲಿ ನಿಂತು ದೊಡ್ಡ ಕ್ಯಾಮೆರಾದಲ್ಲಿ ಮನೆಗಳ ಮುಂಭಾಗ ತೆಗೆದುಕೊಂಡು ಬಂದಿದ್ದರು. ಬಿದ್ದ ಮನೆಗಳವರಿಗೆ ಊರ ಶಾಲೆಯಲ್ಲಿ ಇರಲು ಜಾಗ, ಆಮೇಲೆ ಹೊಸ ಮನೆ. ಗಟ್ಟಿ ಇರುವ ಮನೆಗಳವರು ತಮ್ಮ ಮನೆಗೆ ಹಿಂದಿರುಗಬೇಕು. ಸಭೆ ಸೇರಿ ಇದನ್ನು ಅಖೈರು ಮಾಡುವ ಮೊದಲು ಒಂದು ಸಲ ನೋಡಿ ಬರಲು ನನ್ನನ್ನು ಕಳಿಸಿದರು.

ಭೀಮವ್ವನ ಮನೆ ಸಾಹೇಬರ ಪಟ್ಟಿಯಲ್ಲಿ ‘ಗಟ್ಟಿ’ ಎಂದು ಬರೆದ ಮನೆಗಳಲ್ಲಿ ಒಂದು. ಭೀಮವ್ವ ವಯಸ್ಸಾದ ಹೆಂಗಸು. ಅವಳ ಮನೆತನದವರು ತಲೆತಲಾಂತರದಿಂದ ಆ ಹೊಳೆಯಲ್ಲಿ ಹರಿಗೋಲು ಹಾಕಿದವರು. ಈಗ ಸೊಸೆ ಶಾಂತಮ್ಮ ಸೇಡಮ್ಮಿನ ದಾಲ್ ಮಿಲ್ಲಿಗೆ ಹೋಗುತ್ತಿದ್ದಳು. ಶಾಂತಮ್ಮನ ಗಂಡ ತೀರಿಕೊಂಡಿದ್ದ, ಇಬ್ಬರು ಸಣ್ಣ ಹೆಣ್ಣುಮಕ್ಕಳು. ನಾನು ಹೋದಾಗ ಆ ಮನೆ ಬೆಳ್ಳಗೆ ಹೊಳೆಯುತ್ತಿತ್ತು. ಸುಣ್ಣದ ಹಸಿ ವಾಸನೆ ಬಾಗಿಲಿಗೇ ಬಂತು.

“ಬರ್ರಿ ಬಾಯಾರ, ಕುಂದ್ರಿ. ನೀವ್ ಬರ್ತೀರಂತ ನಿನ್ನಿ ದಿನಪೂರ್ತಿ ಅತ್ತಿ ಸೊಸಿ ಸುಣ್ಣ ಬಳದೀವಿ” ಎಂದಳು ಭೀಮವ್ವ, ಮುಖ ಅರಳಿಸಿ.

“ಆಯಿ, ಯಾಕ ಬಳದ್ರಿ? ನಾ ಬಂದಿದ್ದೇ ಬಿರುಕು ನೋಡಾಕ.”

“ಅಯ್ಯ, ಹೊಲಸು ಗ್ವಾಡಿ ಹೆಂಗ ತೋರ್ಸೋದು? ಇಜ್ಜತ್ ಬ್ಯಾಡೇನು ನಮ್ಗ?”

ಪಡಸಾಲೆಯ ಮುಂಗೋಡೆ ಫರ್ಸಿಯದು, ನಿಜಕ್ಕೂ ಗಟ್ಟಿ. ಹಿಂಗೋಡೆ ಮಾತ್ರ ಮಣ್ಣಿನಲ್ಲಿ ಕಟ್ಟಿದ ಕಾಡುಗಲ್ಲಿನದು. ಅದಕ್ಕೆ ಒರಗಿಸಿದಂತೆ ಆಳೆತ್ತರದ ಜೋಳದ ಕಣಜ ನಿಂತಿತ್ತು. ಬ್ಯಾಟರಿ ದೀಪವನ್ನು ಓರೆಯಾಗಿ ಹಿಡಿದೆ. ಹೊಸ ಸುಣ್ಣದ ಕೆಳಗೆ ಗೋಡೆ ಹೊರಕ್ಕೆ ಹೊಟ್ಟೆ ಬಿಟ್ಟಂತೆ ಕಂಡಿತು. ಮೇಲೆ ಚಾವಣಿಯಾಗಿ ಮಣ್ಣಿನ ಮಾಳಿಗೆ, ನೀರು ಕುಡಿದು ಭಾರವಾಗಿದ್ದ ಮಾಳಿಗೆ, ಅದನ್ನೆಲ್ಲ ಹೊತ್ತಿದ್ದದ್ದು ಒಂದೇ ತೊಲೆ. ಆ ತೊಲೆಯ ತುದಿ ಗೋಡೆಯೊಳಗೆ ಹೊಕ್ಕ ಜಾಗ ಕಣಜದ ಹಿಂದೆ ಮರೆಯಾಗಿತ್ತು. ಸುಣ್ಣ ಬಳಿಯುವವರ ಕೈಯೂ ಅಲ್ಲಿಗೆ ಹೋಗಿರಲಿಲ್ಲ. ನನ್ನ ತಲೆ ತೂರುವಷ್ಟೂ ಸಂದಿ ಇರಲಿಲ್ಲ. ಮಕ್ಕಳನ್ನೂ ಶಾಂತಮ್ಮನನ್ನೂ ಅಂಗಳಕ್ಕೆ ಕಳಿಸಿ, ಒಂದು ಡಬ್ಬದ ಮೇಲೆ ಹತ್ತಿ, ಹಳದಿ ಕ್ಯಾಮೆರಾ ಹಿಡಿದ ಕೈಯನ್ನು ಭುಜದವರೆಗೆ ಸಂದಿಗೆ ತೂರಿಸಿ, ಕಣ್ಣಿಗೆ ಕಾಣದೆಯೇ ಗುಂಡಿ ಒತ್ತಿದೆ. ಕೈ ತಿರುಗಿಸಿ ಮತ್ತೆ ಒತ್ತಿದೆ.

ಹೊರಗೆ ತಂದು ಪರದೆ ನೋಡಿದೆ. ತೊಲೆ ಪೂರ್ತಿ ಒಲೆಯ ಹೊಗೆಗೆ ಕಪ್ಪಾಗಿತ್ತು. ಆದರೆ ಗೋಡೆಯ ಹತ್ತಿರ ಅಂಗೈಯಗಲದ ಪಟ್ಟಿ ಹಸಿ ಮರದಂತೆ ಬೆಳ್ಳಗಿತ್ತು. ಅಷ್ಟು ಮರ ಕಟ್ಟಿದ ದಿನದಿಂದ ಗೋಡೆಯೊಳಗೆ ಅಡಗಿತ್ತು, ಹೊಗೆ ಕಂಡಿರಲಿಲ್ಲ. ಗೋಡೆ ಹೊರಕ್ಕೆ ವಾಲಿದಂತೆ ತೊಲೆ ಅದರಿಂದ ಜಾರಿ ಹೊರಬಂದಿತ್ತು. ಇನ್ನು ಕಲ್ಲಿನ ಅಂಚಿನ ಮೇಲೆ ಉಳಿದದ್ದು ಒಂದೆರಡು ಬೆರಳಿನಷ್ಟು ಮಾತ್ರ.

“ಆಯಿ, ಈಗಿಂದೀಗ ಹೊರಗ ನಡೀರಿ. ಮಾಳಗಿ ಬೀಳ್ತದ” ಎಂದೆ.

ಭೀಮವ್ವ ನಕ್ಕಳು. “ಮೊನ್ನಿ ದೊಡ್ಡ ಸಾಹೇಬರು ಬಂದು ಮನಿ ಗಟ್ಟಿ ಅದ ಅಂದು ಹೋಗ್ಯಾರ. ಹೊಳಿ ಮನಿಯೊಳಗ ಬಂದ್ರೂ ನಾ ಹೋಗಿಲ್ಲ, ಮಾಳಗಿ ಮ್ಯಾಲ ಕುಂತಿದ್ದೆ. ದೇವರ ಜಗಲಿಗಿ ಸಂಜಿ ದೀಪ ಇಲ್ಲದಂಗ ಮನಿ ಬಿಟ್ಟು ಹೋಗಾಕ ಬರ್ತದೇನು?”

ಶಾಂತಮ್ಮ ಅಂಗಳದಿಂದ ಕೂಗಿದಳು: “ಅತ್ತಿ, ಬಾಯಾರು ಹೇಳಾಕತ್ತಾರ, ಕೇಳ್ರಿ!” ಮುದುಕಿ ಕದಲಲಿಲ್ಲ. ತೊಲೆ, ಭಾರ, ವಾಲುವಿಕೆ ಎಂದು ನಾನು ಏನೇನೋ ಹೇಳಿದೆ. ಅವಳು ಗೋಡೆಗೆ ಬೆನ್ನು ಕೊಟ್ಟು ಎಲೆ ಅಡಿಕೆ ಬಿಚ್ಚಿಕೊಂಡಳು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಎಳೆದುಕೊಂಡು ಹೋಗೋಣವೆಂದರೆ, ಹಾಗೆ ಎಳೆಸಿಕೊಂಡು ಹೋದವರು ಸಂಜೆಗೆ ತಿರುಗಿ ಬರುತ್ತಾರೆ ಎಂಬುದು ನನಗೆ ಗೊತ್ತಿತ್ತು.

ಏನೂ ತೋಚದೆ ಕ್ಯಾಮೆರಾವನ್ನೇ ಅವಳ ಮುಂದೆ ಹಿಡಿದೆ. ಚಿತ್ರವನ್ನು ಪರದೆ ತುಂಬುವಷ್ಟು ದೊಡ್ಡದು ಮಾಡಿದೆ. ಅವಳು ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು.

“ಇದು ನಮ್ಮ ತೊಲಿನಾ?”

“ಹೌದು ಆಯಿ. ಕಣಜದ ಹಿಂದಿಂದು.”

“ಹೌದ್ ಬಿಡು, ಈ ಗಂಟು ನಾ ಬಲ್ಲೆ. ನಮ್ಮನ್ಯಾವ್ರು ಹೊಳ್ಯಾಗ ತೇಲಿಸ್ಕೊಂಡು ತಂದ ಮರ ಇದು. ಇದಕ್ಕ ಸುಣ್ಣ ಯಾರು ಹಚ್ಯಾರ?”

“ಸುಣ್ಣ ಅಲ್ಲ ಆಯಿ. ಅದು ಗ್ವಾಡಿಯೊಳಗ ಇದ್ದ ಮರ. ಹೊಗಿ ಹತ್ತಿಲ್ಲ ಅದಕ್ಕ.”

ಅವಳು ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟಳು. ಆ ಒಲೆಯ ಮುಂದೆ ಬಾಳೆಲ್ಲ ಕಳೆದವಳಿಗೆ ಹೊಗೆ ಎಲ್ಲಿ ಹತ್ತುತ್ತದೆ, ಎಲ್ಲಿ ಹತ್ತುವುದಿಲ್ಲ ಎಂದು ನಾನು ವಿವರಿಸಬೇಕಾಗಿರಲಿಲ್ಲ. ಎದ್ದು, ಜಗಲಿಯ ಮೇಲಿದ್ದ ದೇವರ ಪೆಟ್ಟಿಗೆಯನ್ನೂ ದೀಪವನ್ನೂ ಇಳಿಸಿದಳು. ಪೆಟ್ಟಿಗೆ ಭಾರವಾಗಿತ್ತು. ನಮ್ಮ ಮನೆಯಲ್ಲಿ ಬುದ್ಧನ ಪಟ ಬಿಟ್ಟರೆ ಬೇರೆ ದೇವರಿಲ್ಲ. ಮುಟ್ಟಬಹುದೋ ಬಾರದೋ ಎಂದು ನಾನು ಹಿಂದೆ ನಿಂತಿದ್ದೆ. “ನೋಡಕೋತ ಏನ್ ನಿಂತಿ, ಹಿಡೀಯವ್ವ” ಎಂದು ಗದರಿಸಿ ಅದನ್ನು ನನ್ನ ಕೈಗೇ ಕೊಟ್ಟಳು. ಹೊರಗಿನಿಂದ ಬಂದ ಇಂಜಿನಿಯರ್ ಬಾಯಿ ಆ ಮಾತಿನಿಂದ ಅವಳ ಮನೆಯ ಮಗಳಾದಳು. ಆ ಸಂತೋಷವನ್ನು ನಾನು ಇವತ್ತಿಗೂ ಮರೆತಿಲ್ಲ. ಅಂದಿನ ಸಂಜೆಯ ದೀಪ ಶಾಲೆಯ ಖೋಲಿಯಲ್ಲಿ ಹತ್ತಿತು.

ಆದರೆ ಕೆಲಸ ಮುಗಿದಿರಲಿಲ್ಲ. ಪಟ್ಟಿಯಲ್ಲಿ ‘ಗಟ್ಟಿ’ ಎಂದೇ ಉಳಿದರೆ ಶಾಲೆ ಬಿಡಿಸಿ ಅವರನ್ನು ಮತ್ತೆ ಅದೇ ತೊಲೆಯ ಕೆಳಗೆ ಕಳಿಸುತ್ತಿದ್ದರು. ಮಾರನೆಯ ದಿನ ಸೇಡಮ್ಮಿನಲ್ಲಿ ಸಭೆ. ಬಿರಾದಾರ ಸಾಹೇಬರು ತೆಗೆದ ಭೀಮವ್ವನ ಮನೆಯ ಚಿತ್ರ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಬಿತ್ತು. ಫರ್ಸಿಯ ಮುಂಗೋಡೆ ಕೋಟೆಯ ಹಾಗೆ ನಿಂತಿತ್ತು, ಹೂವಿನ ಕುಂಡವೂ ಇತ್ತು.

“ಸುಜಾತಾ ಬಾಯಿ, ಇಂಥ ಮನಿ ಬೀಳ್ತದ ಅಂತೀರೇನು? ಮಂದಿ ಕೇಳಿದ್ರ ನಗ್ತಾರ” ಎಂದರು ಸಾಹೇಬರು.

“ನಾ ಮಾತಾಡಂಗಿಲ್ರಿ ಸರ್. ಒಂದು ಫೋಟೋ ನೋಡ್ರಿ” ಎಂದೆ. ‘ಬಾಯಿಯವರ ಆಟಿಕೆ’ಯ ಚಿತ್ರ ಗೋಡೆಯ ಮೇಲೆ ಆಳೆತ್ತರಕ್ಕೆ ಮೂಡಿತು. ಕಪ್ಪು ತೊಲೆ, ಬಿಳಿ ಪಟ್ಟಿ, ಕಲ್ಲಿನ ಅಂಚು. ಬಿರಾದಾರ ಸಾಹೇಬರೂ ಮಾಳಿಗೆ ಮನೆಯಲ್ಲಿ ಹುಟ್ಟಿ ಬೆಳೆದವರೇ. ಕುರ್ಚಿಯಿಂದ ಎದ್ದು ಗೋಡೆಯ ಹತ್ತಿರ ಹೋಗಿ, ಆ ಬಿಳಿ ಪಟ್ಟಿಯ ಮೇಲೆ ಅಂಗೈ ಇಟ್ಟು ಅಳೆದರು. ಆಮೇಲೆ ನನ್ನತ್ತ ತಿರುಗಿದರು.

“ಇದ್ರ ಕೆಳಗ ಮಂದಿ ಮಲಗ್ಯಾರೇನು ಈಗ?”

“ಇಲ್ರಿ ಸರ್. ನಿನ್ನೇನೆ ಹೊರಗ ತಂದೀನಿ.”

“ಬದುಕಿಸಿದ್ರಿ” ಎಂದು ಉಸಿರು ಬಿಟ್ಟು, ತಮ್ಮ ಕೈಯಿಂದಲೇ ಪಟ್ಟಿಯಲ್ಲಿ ‘ಗಟ್ಟಿ’ ಎಂಬುದನ್ನು ಹೊಡೆದು ‘ವಾಸಕ್ಕೆ ಯೋಗ್ಯವಲ್ಲ, ಹೊಸ ಮನೆ’ ಎಂದು ಬರೆದರು. ಆಮೇಲೆ ಓಣಿಯಲ್ಲಿ ನಿಂತು ತೆಗೆದ ತಮ್ಮ ಚಿತ್ರಗಳನ್ನೆಲ್ಲ ಬದಿಗಿಟ್ಟು, ‘ಗಟ್ಟಿ’ ಎಂದು ಬರೆದ ಪ್ರತಿ ಮನೆಯ ಒಳಗೂ ಹೋಗಿ ಬರಲು ನನಗೆ ಜೀಪು ಕೊಟ್ಟರು, ತಾವೂ ಬಂದರು. ಅಷ್ಟು ಜನರ ಮುಂದೆ ತಮ್ಮ ಬರಹವನ್ನು ತಾವೇ ಹೊಡೆದುಹಾಕಿದ ಅಧಿಕಾರಿಯನ್ನು ನಾನು ನೋಡಿದ್ದು ಅಪರೂಪ. ಅದಕ್ಕಾಗಿ ಅವರ ಹಿಂದಿನ ತಮಾಷೆಗಳನ್ನೆಲ್ಲ ಮಾಫ್ ಮಾಡಿದೆ.

ಹಾಗಾಗಿ ಫೋನ್ ಮಾಡುವ ಮಕ್ಕಳೇ, ಕೇಳಿಸಿಕೊಳ್ಳಿ. ಇಕ್ಕಟ್ಟಿನಲ್ಲಿ ಗೋಡೆ ಪೂರ್ತಿ ಹಿಡಿಯಬೇಕು, ಧೂಳಿಗೆ ಹೆದರಬಾರದು, ಹತ್ತಿರದ್ದು ಸ್ಪಷ್ಟ ಕಾಣಬೇಕು, ಕೈ ತೂರುವಲ್ಲಿ ತೂರಬೇಕು, ಇದೆಲ್ಲ ಸರಿ. ಆದರೆ ತೆಗೆದ ಚಿತ್ರವನ್ನು ಮೊದಲು ಆ ಮನೆಯವರಿಗೆ ತೋರಿಸಿ. ಸಭೆಯವರು ಆಮೇಲೆ ನೋಡಲಿ. ಆ ಸೂರಿನ ಕೆಳಗೆ ಮಲಗುವವರ ಕಣ್ಣಿಗೆ ಕಾಣುವಷ್ಟು ದೊಡ್ಡ ಪರದೆ ಇದೆಯೋ ಇಲ್ಲವೋ ನೋಡಿ, ಆಮೇಲೆ ಕ್ಯಾಮೆರಾ ಕೊಳ್ಳಿ.

ಸೇಡಮ್ಮಿನ ಆ ಸಭೆಯಾಗಿ ಕೆಲವು ದಿನ ಕಳೆದಿತ್ತು. ಬಿಸಿಲು ಚೆನ್ನಾಗಿ ಬಿದ್ದಿತ್ತು. ನಾನು ಕಚೇರಿಯಲ್ಲಿ ಡಬ್ಬಿ ಬಿಚ್ಚಿ ರೊಟ್ಟಿ ಮುರಿಯುತ್ತಿದ್ದಾಗ ಫೋನ್ ಬಂತು. ಶಾಂತಮ್ಮನ ನಂಬರು, ಆದರೆ ಕೂಗುತ್ತಿದ್ದದ್ದು ಭೀಮವ್ವ. ಫೋನಿನಲ್ಲಿ ಮೆಲ್ಲಗೆ ಮಾತಾಡಿದರೂ ಕೇಳಿಸುತ್ತದೆ ಎಂಬುದು ಆಕೆಗೆ ಗೊತ್ತಿರಲಿಲ್ಲವೋ ಏನೋ, ಇಡೀ ಕಚೇರಿಗೆ ಕೇಳುವಂತೆ ಕೂಗಿದಳು.

“ಬಾಯಾರ! ಬಿತ್ರೀ! ನಮ್ಮನಿ ಬಿತ್ತು!”

ನಾನು ರೊಟ್ಟಿ ಬಿಟ್ಟು ಎದ್ದು ನಿಂತೆ. “ಮಕ್ಕಳು ಎಲ್ಲದಾವ ಆಯಿ? ಶಾಂತಮ್ಮ ಎಲ್ಲಿ?”

“ಎಲ್ಲಾರೂ ಸಾಲ್ಯಾಗ ಇದ್ದೀವಿ ಯವ್ವಾ! ತೊಲಿ ಬಿತ್ತು, ಮಾಳಗಿ ಬಿತ್ತು, ಕಣಜ ಚೂರ್ ಚೂರ್ ಆತು. ಒಳಗ ಒಂದು ಬೆಕ್ಕ ಸೈತ ಇದ್ದಿಲ್ಲ!”

ಅವಳು ನಗುತ್ತಿದ್ದಳು. ಬಾಳಿಡೀ ಬದುಕಿದ ಮನೆ ಬಿದ್ದುದನ್ನು ಹೇಳುತ್ತ, ಉಸಿರು ಕಟ್ಟುವಂತೆ ನಗುತ್ತಿದ್ದಳು. ಹಿಂದೆ ಶಾಂತಮ್ಮನ ನಗು, ಮಕ್ಕಳ ಕೇಕೆ. ನಾನೂ ನಕ್ಕೆ, ನಗುತ್ತಲೇ ಕಣ್ಣೊರೆಸಿಕೊಂಡೆ. ಗಲಾಟೆ ಕೇಳಿ ಬಿರಾದಾರ ಸಾಹೇಬರು ಹೊರಗೆ ಬಂದರು. ವಿಷಯ ತಿಳಿದ ಕೂಡಲೇ ಜೇಬಿಗೆ ಕೈ ಹಾಕಿ ಜವಾನನನ್ನು ಕರೆದರು.

“ಏ, ಓಡಿಹೋಗಿ ಪೇಡೆ ತಗೊಂಡು ಬಾ. ಎಲ್ಲಾರಿಗೂ ಆಗೋವಷ್ಟು ತಾ.”

ಜವಾನ ಹಲ್ಲು ಕಿಸಿದು, “ಯಾರ ಮನ್ಯಾಗ ಏನ್ ಖುಷಿರೀ ಸಾಹೇಬ್ರ?” ಎಂದು ಕೇಳಿದ.

“ಭೀಮವ್ವನ ಮನಿ ಬಿತ್ತೋ!” ಎಂದರು ಸಾಹೇಬರು, ಮೀಸೆಯ ತುಂಬ ನಗುತ್ತ.